ನಿನ್ನ ಕಥೆಯಲ್ಲಿ ಇಲಿ ಮನುಷ್ಯ ಎಲ್ಲಿದ್ದಾನೆ?

ಪ್ರೀತಿಯ ಹುಡುಗಾ,

ನಿನ್ನ ಹಸ್ತಪ್ರತಿಯ ಕಟ್ಟು ಬಂದು ಮೂರು ವಾರ ಆಯಿತು. 212 ಪುಟ. ನಾನು ಓದುತ್ತಿಲ್ಲ ಅಂದುಕೊಂಡು ನೀನು ಎರಡು ಸಲ ಮೆಸೇಜ್ ಹಾಕಿದೆ. ಮೂರನೇ ಸಲ ರಾತ್ರಿ ಒಂದೂವರೆಗೆ, "ಪರವಾಗಿಲ್ಲ ಮೇಡಂ, ಫೈಲು ಡಿಲೀಟ್ ಮಾಡ್ತಾ ಇದೀನಿ" ಅಂತ ಬರೆದೆ. ಮಾಡಿಕೋ. ಪ್ರಿಂಟು ನನ್ನ ಹತ್ತಿರ ಇದೆ, ಕೊಡುವುದಿಲ್ಲ. ಇಂಥ ಬೆದರಿಕೆಗೆಲ್ಲ ಹೆದರುವವಳಲ್ಲ ನಾನು. ಮತ್ತೆ ಈ ಮೇಡಂ ಗೀಡಂ ಬೇಡ, ಯಾವ ಸ್ಕೂಲಲ್ಲೂ ಪಾಠ ಮಾಡಿದವಳಲ್ಲ. ಅಕ್ಕ ಅನ್ನು, ಸಾಕು.

ನೀನು ಕೇಳಿದ್ದಕ್ಕೆಲ್ಲ ಮೊದಲು ಉತ್ತರ ಕೊಟ್ಟು ಕೈ ತೊಳೆದುಕೊಳ್ಳುತ್ತೇನೆ. ಯಾವ ಪ್ರಕಾಶಕರಿಗೆ ಕಳಿಸಬೇಕು? ನನಗೆ ಗೊತ್ತಿಲ್ಲ. ನುಡಿಯಲ್ಲಿ ಟೈಪ್ ಮಾಡಬೇಕಾ, ಯೂನಿಕೋಡಾ? ಡಿಟಿಪಿ ಅಂಗಡಿಯವನನ್ನು ಕೇಳು. ದಿನಕ್ಕೆ ಎಷ್ಟು ಗಂಟೆ ಬರೆಯಬೇಕು? ಮೊದಲು ನಿದ್ದೆ ಮಾಡು ಮಹರಾಯ. ನೀನು ಅಷ್ಟೊಂದು ಹೊಗಳಿ ಬರೆದಿದ್ದೀಯಲ್ಲ, ಕಿತಾರೊ ಅನ್ನುವ ದೆವ್ವದ ಹುಡುಗನ ಜಪಾನಿ ಕಾಮಿಕ್ಸ್ ಬರೆದ ಆ ಶಿಗೆರು ಮಿಜುಕಿ, ಅವನಿಗೆ ನಿದ್ದೆ ಅಂದರೆ ಪ್ರಾಣ. ಅಲ್ಲಿನ ಬೇರೆ ದೊಡ್ಡ ಕಾಮಿಕ್ಸ್ ಕಲಾವಿದರು ತೆಜುಕಾ, ಇಶಿನೊಮೊರಿ ಇವರೆಲ್ಲ ರಾತ್ರಿಯಿಡೀ ಎದ್ದು ಚಿತ್ರ ಬರೆಯುತ್ತಿದ್ದರಂತೆ. ಇಬ್ಬರೂ ಅರವತ್ತಕ್ಕೇ ಹೋದರು. ಇವನು 93 ವರ್ಷ ಬದುಕಿದ. ಲೆಕ್ಕ ನೀನೇ ಹಾಕು.

ನಿನ್ನ ಪತ್ರದಲ್ಲಿ ಕಿತಾರೊ ಹೆಸರು ಹನ್ನೊಂದು ಸಲ ಬಂದಿದೆ. ಯಾರಪ್ಪಾ ಇವನು ಅಂತ ತಂಗಿಯ ಮೊಮ್ಮಗಳನ್ನು ಕೇಳಿದೆ. ಅವಳು ಲ್ಯಾಪ್‌ಟಾಪ್ ತಂದು ಎದುರಿಗಿಟ್ಟಳು. ಸುಮ್ನೆ ಎರಡು ಕಂತು ನೋಡೋಣ ಅಂತ ಕೂತವಳು 2018ರ ಟೀವಿ ಕಾರ್ಟೂನ್ ಸರಣಿಯಲ್ಲಿ ಅರ್ಧ ಮುಗಿಸಿದೆ. ಆಮೇಲೆ 2008ರಲ್ಲಿ ಬಂದ ಹನ್ನೊಂದು ಕಂತಿನ 'ಹಾಕಾಬಾ ಕಿತಾರೊ', ಆಮೇಲೆ 2023ರ ಸಿನಿಮಾ. ಮಾಂಗಾ, ಅಂದರೆ ಆ ಜಪಾನಿ ಕಾಮಿಕ್ಸು, ಅದೂ ಒಂದಷ್ಟು ಇಂಗ್ಲಿಷಿನಲ್ಲಿ ಸಿಕ್ಕಿತು. ನಿನ್ನ 212 ಪುಟ ತಡ ಆಗಿದ್ದು ಇದಕ್ಕೇ. ನೀನೇ ಹತ್ತಿಸಿದ ಹುಚ್ಚು, ಬೈಯುವ ಹಾಗಿಲ್ಲ.

ಏನು ಕಥೆ ಅದು! ಸತ್ತ ತಾಯಿಯ ಹೊಟ್ಟೆಯಿಂದ, ಸಮಾಧಿಯ ಮಣ್ಣು ಸರಿಸಿಕೊಂಡು ಹೊರಗೆ ಬರುವ ಮಗು. ಅಪ್ಪನ ಮೈಯೆಲ್ಲ ಕೊಳೆತು ಹೋಗಿದೆ, ಆದರೆ ಮಗನನ್ನು ನೋಡಿಕೊಳ್ಳುವವರು ಬೇಕಲ್ಲ ಅಂತ ಒಂದು ಕಣ್ಣುಗುಡ್ಡೆ ಮಾತ್ರ ಕೈಕಾಲು ಮೂಡಿಸಿಕೊಂಡು ಎದ್ದು ಬರುತ್ತದೆ. ಆಮೇಲೆ ಆ ಕಣ್ಣಪ್ಪ ಟೀ ಬಟ್ಟಲಲ್ಲಿ ಬಿಸಿನೀರು ಹಾಕಿಸಿಕೊಂಡು ಆರಾಮಾಗಿ ಸ್ನಾನ ಮಾಡುತ್ತಾನೆ. ಅದನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯದೆ ಕೂತಿದ್ದೆ. 1968ರ ಮೊದಲ ಸರಣಿಯಲ್ಲಿ ಕಿತಾರೊಗೆ ದನಿ ಕೊಟ್ಟ ಮಸಾಕೊ ನೊಜಾವಾ ಅನ್ನುವ ಹೆಂಗಸೇ ಐವತ್ತು ವರ್ಷ ಕಳೆದು 2018ರಲ್ಲಿ ಆ ಅಪ್ಪನಿಗೆ ದನಿ ಕೊಟ್ಟಿದ್ದಾಳೆ. ಮಗನಾಗಿದ್ದವಳು ಅಪ್ಪನಾದಳು. ಇದಕ್ಕೂ ನಿನಗೆ ಹೇಳಬೇಕಾದ್ದಕ್ಕೂ ಸಂಬಂಧ ಇಲ್ಲ. ಹೇಳದೆ ಇರೋದಕ್ಕೆ ಆಗಲಿಲ್ಲ, ಅಷ್ಟೇ.

ಈಗ ನಿನ್ನ ಹಸ್ತಪ್ರತಿ.

ಭಾಷೆ ಚೆನ್ನಾಗಿದೆ. ಅಡಿಕೆ ತೋಟದಲ್ಲಿ ಮಂಜು ಇಳಿಯುವ ಜಾಗ ನಿಜಕ್ಕೂ ಚೆನ್ನಾಗಿದೆ, ಎರಡು ಸಲ ಓದಿದೆ. ದೆವ್ವಗಳು ಕಾಣುವ ಹುಡುಗ, ಅವನನ್ನು ನಂಬದ ಊರು, ಕಾಡು ಕಡಿಯುವ ಕಂಟ್ರಾಕ್ಟರ್. ಇದೆಲ್ಲ ಬೇರೆಯವರು ಬರೆದಿದ್ದಾರೆ, ಕಾಪಿ ಅಂದುಬಿಡುತ್ತಾರೆ ಅನ್ನುವ ಭಯ ಬೇರೆ ನಿನಗೆ. ಅದನ್ನು ಬಿಡು. ಕಿತಾರೊ ಹೆಸರನ್ನು ಮಿಜುಕಿಯೂ ತಾನೇ ಹುಟ್ಟಿಸಿದ್ದಲ್ಲ. ಮರದ ಚೌಕಟ್ಟಿನಲ್ಲಿ ಚಿತ್ರದ ಹಾಳೆ ಸರಿಸುತ್ತಾ, ಮಕ್ಕಳಿಗೆ ಮಿಠಾಯಿ ಮಾರುತ್ತಾ ಬೀದಿಯಲ್ಲಿ ಕಥೆ ಹೇಳುವ ಕಾಮಿಶಿಬಾಯ್ ಅಂತ ಅಲ್ಲಿತ್ತು. ಅದರಲ್ಲಿ 1930ರ ದಶಕದಲ್ಲೇ ಒಬ್ಬ ಕಿತಾರೊ ಇದ್ದ. ಮಿಜುಕಿ ಎರಡನೇ ಮಹಾಯುದ್ಧ ಮುಗಿಸಿ ಬಂದು, ಹೊಟ್ಟೆಪಾಡಿಗೆ ಅದೇ ಕೆಲಸ ಮಾಡುವಾಗ ಆ ಹುಡುಗನನ್ನು ಎತ್ತಿಕೊಂಡ. ಆದ್ದರಿಂದ ಹಳೆಯದು ಅನ್ನುವುದು ನನಗೆ ತಕರಾರೇ ಅಲ್ಲ.

ನನ್ನ ತಕರಾರು ನಿನ್ನ ಹುಡುಗನ ಮೇಲೆ. ಅವನು ಒಂದು ಸುಳ್ಳು ಹೇಳುವುದಿಲ್ಲ. ಹೊಟ್ಟೆಕಿಚ್ಚು ಪಡುವುದಿಲ್ಲ. ಬೆವರೂ ಬರುವುದಿಲ್ಲವೇನೋ ಪಾಪ. ಕೆಟ್ಟದ್ದನ್ನೆಲ್ಲ ಊರಿನವರು ಮಾಡುತ್ತಾರೆ, ಅವನು ಕಿಟಕಿ ಹತ್ತಿರ ನಿಂತು ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಾನೆ. ನಾನು ಎಣಿಸಿದೆ ಕಣೋ, ಒಂಬತ್ತು ಸಲ! ಇಷ್ಟು ಸಾಚಾ ಹುಡುಗನನ್ನು ದೆವ್ವಗಳು ಯಾಕೆ ಮಾತಾಡಿಸುತ್ತವೆ ಅಂತ ನನಗೆ ಅರ್ಥ ಆಗಲಿಲ್ಲ.

ನಿನ್ನ ಕಥೆಯಲ್ಲಿ ನೆಜುಮಿ ಒತೊಕೊ ಎಲ್ಲಿ? ಇಲಿ ಮನುಷ್ಯ? ನಿನ್ನ ಪತ್ರದಲ್ಲಿ ಕಿತಾರೊ ಹನ್ನೊಂದು ಸಲ ಬಂದ, ಕಣ್ಣಪ್ಪ ಬಂದ, ಬೆಕ್ಕಿನ ಹುಡುಗಿ ಬಂದಳು, ಇವನ ಹೆಸರು ಒಂದು ಸಲವೂ ಇಲ್ಲ. ಅರ್ಧ ಮನುಷ್ಯ, ಅರ್ಧ ಯೋಕಾಯ್, ಅಂದರೆ ಜಪಾನಿ ಜನಪದದ ದೆವ್ವ. ಮುನ್ನೂರು ವರ್ಷದಿಂದ ಮೈಗೆ ನೀರು ಸೋಕಿಸಿಲ್ಲ. ಹೂಸು, ಬಾಯಿ ವಾಸನೆ ಇವೇ ಅವನ ಆಯುಧ. ದುಡ್ಡು ಕಂಡರೆ ಕಿತಾರೊನನ್ನೇ ಮಾರಿಬಿಡುತ್ತಾನೆ, ಮುಂದಿನ ಕಂತಿನಲ್ಲಿ ಹಲ್ಲು ಕಿರಿದುಕೊಂಡು ವಾಪಸ್ ಬರುತ್ತಾನೆ. ಮಿಜುಕಿಗೆ ತನ್ನ ಪಾತ್ರಗಳಲ್ಲೆಲ್ಲ ಇವನ ಮೇಲೇ ಪ್ರೀತಿ ಜಾಸ್ತಿ. ಇವನಿಲ್ಲದಿದ್ದರೆ ಕಥೆ ಮುಂದಕ್ಕೇ ಹೋಗುವುದಿಲ್ಲ ಅನ್ನುತ್ತಿದ್ದನಂತೆ. ನನಗೂ ಹಾಗೇ ಅನ್ನಿಸಿತು. ಕಿತಾರೊ ಕಾಯುತ್ತಾ ಕೂತಿರುತ್ತಾನೆ, ಬೇಡದ ಕಲ್ಲು ಎತ್ತಿ ಬೇಡದ ದೆವ್ವವನ್ನು ಎಬ್ಬಿಸುವುದು ಎಷ್ಟೋ ಸಲ ಇವನೇ.

ಒಂದು ವಿಷಯ ಗಮನಿಸಿದೆಯಾ? 1960ರಲ್ಲಿ, ಬಾಡಿಗೆ ಪುಸ್ತಕದ ಅಂಗಡಿಗಳಿಗಾಗಿ ಮಿಜುಕಿ ಬರೆಯುತ್ತಿದ್ದಾಗ ಕಿತಾರೊ ಹೀಗಿರಲಿಲ್ಲ. ಸಿಗರೇಟು ಸೇದುತ್ತಿದ್ದ. ಅವನ ಸಹವಾಸ ಮಾಡಿದವರಿಗೆ ಒಳ್ಳೆಯದಾಗುತ್ತಿರಲಿಲ್ಲ. ಆಗ ಮಿಜುಕಿಗೂ ಕಡುಕಷ್ಟ, ಮನೆಯಲ್ಲಿ ಗಿರವಿ ಅಂಗಡಿಯ ಚೀಟಿಗಳ ಕಂತೆ. 1965ರಲ್ಲಿ ಮಕ್ಕಳ ದೊಡ್ಡ ವಾರಪತ್ರಿಕೆಗೆ ಹೋದ ಮೇಲೆ ಹುಡುಗ ಮೆಲ್ಲಗೆ ಮನುಷ್ಯರ ಗೆಳೆಯನಾದ. ಹಾಕಾಬಾ ಅಂದರೆ ಸ್ಮಶಾನ. ಟೀವಿಗೆ ಜಾಹೀರಾತು ಕೊಡುವವರಿಗೆ ಆ ಹೆಸರು ಹಿಡಿಸಲಿಲ್ಲ, 1967ರಲ್ಲಿ 'ಗೆಗೆಗೆ ನೊ ಕಿತಾರೊ' ಅಂತ ಆಯಿತು. ಚಿಕ್ಕವನಿದ್ದಾಗ ಮಿಜುಕಿಗೆ ತನ್ನ ಹೆಸರು ಶಿಗೆರು ಅನ್ನಲು ಬರದೆ ಗೆಗೆರು ಅನ್ನುತ್ತಿದ್ದನಂತೆ, ಅಲ್ಲಿಂದ ಹುಟ್ಟಿದ ಗೆಗೆ. 1968ರ ಜನವರಿಯಲ್ಲಿ ಕಪ್ಪು ಬಿಳುಪಿನ 65 ಕಂತು ಶುರುವಾಯಿತು. ಆಮೇಲೆ 1971, 1985, 1996, 2007, 2018. ಹೆಚ್ಚುಕಡಿಮೆ ಹತ್ತು ವರ್ಷಕ್ಕೊಮ್ಮೆ ಹೊಸ ಮಕ್ಕಳಿಗೆ ಹೊಸ ಕಿತಾರೊ. ಪ್ರತಿ ಸಲವೂ ಅವನನ್ನು ಒಂದಿಷ್ಟು ತೊಳೆದು, ಬಾಚಿ ಕಳಿಸಿದ್ದಾರೆ. ಇಲಿ ಮನುಷ್ಯನನ್ನು ಮಾತ್ರ ಯಾರಿಗೂ ತೊಳೆಯಲು ಆಗಿಲ್ಲ. ಅರವತ್ತು ವರ್ಷದಿಂದ ಅದೇ ನಿಲುವಂಗಿ, ಅದೇ ನಾತ.

ಆ ನಾತ ಎಲ್ಲಿಂದ ಬಂತು ಅಂತ ನನ್ನದೊಂದು ಊಹೆ ಇದೆ. ತಪ್ಪಿದ್ದರೂ ಇರಬಹುದು. ಮಿಜುಕಿಯನ್ನು ಯುದ್ಧದಲ್ಲಿ ಪಪುವಾ ನ್ಯೂಗಿನಿ ಕಡೆಯ ನ್ಯೂ ಬ್ರಿಟನ್ ದ್ವೀಪಕ್ಕೆ ಕಳಿಸಿದ್ದರು, ರಬೌಲ್ ಕಡೆಗೆ. ಇವನು ಕಾವಲಿಗೆ ನಿಂತಿದ್ದಾಗ ಮುಂಜಾನೆ ದಾಳಿ ಆಗಿ ಜೊತೆಯವರು ಸತ್ತರು. ಇವನು ಸಮುದ್ರಕ್ಕೆ ಬಿದ್ದು, ಕಾಡಲ್ಲಿ ಅಲೆದು, ಹೇಗೋ ವಾಪಸ್ ಬಂದ. ಬಂದರೆ ಮೇಲಿನವರಿಂದ ಬೈಗುಳ. ಬಂದೂಕು ಎಲ್ಲಿ, ಎಲ್ಲರೂ ಸತ್ತಿರುವಾಗ ನೀನೊಬ್ಬ ಯಾಕೆ ಬದುಕಿ ಬಂದೆ ಅಂತ. ಆಮೇಲೆ ಮಲೇರಿಯಾ. ಆಮೇಲೆ ಬಾಂಬು ಬಿದ್ದು ಎಡಗೈ ಹೋಯಿತು. ಓಡಿ ಬಂದವನು, ಸಾಯದೆ ಉಳಿದವನು ಅನ್ನುವುದನ್ನು ಆ ಮನುಷ್ಯ ಮುಚ್ಚಿಡಲಿಲ್ಲ. ಪುಸ್ತಕ ಮಾಡಿ ಬರೆದ. ಸಾಯದೆ ತಪ್ಪಿಸಿಕೊಳ್ಳುವ ಹೇಡಿಯ ಮೇಲೆ ಅವನಿಗೆ ಅಷ್ಟು ಪ್ರೀತಿ ಇದ್ದದ್ದು ಯಾಕೆ ಅಂತ ನನಗೆ ಹೀಗೆ ಅನ್ನಿಸುತ್ತದೆ.

ನಿನಗೆ ಇಷ್ಟು ಜೋರಾಗಿ ಹೇಳುತ್ತಿದ್ದೇನಲ್ಲ, ನನ್ನದೂ ಕೇಳು. ಇದನ್ನು ಜಾಸ್ತಿ ಜನಕ್ಕೆ ಹೇಳಿಲ್ಲ.

ನನಗೆ ಹತ್ತು ವರ್ಷ ಇದ್ದಾಗ ನಮ್ಮ ಮನೆಗೆ ಚಿಕ್ಕಮ್ಮ ಮದುವೆಯಾಗಿ ಬಂದಳು. ಹತ್ತೊಂಬತ್ತು ಅವಳಿಗೆ. ರಾತ್ರಿ ಪಾತ್ರೆ ತೊಳೆದಾದ ಮೇಲೆ ಬಾವಿಕಟ್ಟೆ ಮೇಲೆ ಕೂತು ಒಬ್ಬಳೇ ಏನೋ ಮಾತಾಡಿಕೊಳ್ಳುತ್ತಿದ್ದಳು. ಅವ್ವನ ಮನೆ ನೆನಪು, ಇನ್ನೇನು. ಒಂದು ದಿನ ನನ್ನನ್ನು ಬಿಟ್ಟು ತಂಗಿಯನ್ನು ಟೆಂಟ್ ಸಿನಿಮಾಗೆ ಕರೆದುಕೊಂಡು ಹೋದಳು. ನನಗೆ ಜ್ವರ ಇತ್ತು, ಅದಕ್ಕೆ. ಮಾರನೇ ದಿನ ನಾನು ಅಜ್ಜಿಗೆ ಹೇಳಿದೆ: ಚಿಕ್ಕಮ್ಮ ರಾತ್ರಿ ಬಾವಿ ಹತ್ತಿರ ಯಾರ ಜೊತೆಗೋ ಮಾತಾಡುತ್ತಿದ್ದಳು, ಅವಳ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ ಅಂತ. ಕಾಲಿನ ವಿಷಯ ನಾನೇ ಕಟ್ಟಿ ಸೇರಿಸಿದ್ದು. ಮಂತ್ರ ಹಾಕುವವನು ಬಂದ. ಮೂರು ದಿನ ಬೇವಿನ ಸೊಪ್ಪು, ಮೆಣಸಿನಕಾಯಿ ಹೊಗೆ. ಕೋಣೆ ಬಾಗಿಲು ಹಾಕಿರುತ್ತಿದ್ದರು, ಕೆಮ್ಮು ಕೇಳುತ್ತಿತ್ತು.

ದೊಡ್ಡವಳಾದ ಮೇಲೆ ಇದನ್ನು ಕಥೆ ಮಾಡಿದೆ. ಅಜ್ಜಿಯ ಮೌಢ್ಯ, ಚಿಕ್ಕಪ್ಪನ ಪುಕ್ಕಲು, ಮಂತ್ರದವನ ದುಡ್ಡಿನಾಸೆ, ಎಲ್ಲ ಬರೆದೆ. ಒಂದು ಪುಟ್ಟ ಹುಡುಗಿಯನ್ನೂ ಇಟ್ಟೆ. ಅವಳು ಕಿಟಕಿ ಹತ್ತಿರ ನಿಂತು ಅಳುತ್ತಾಳೆ. ನಿನ್ನ ಹುಡುಗನ ಹಾಗೇ. ಬಹುಮಾನ ಬಂತು. ಶಾಲು, ಹಾರ, ಹಣ್ಣಿನ ಬುಟ್ಟಿ. ಅಲ್ಲಿಯವರೆಗೆ ದೆವ್ವದ ಕಥೆ ಸಾಹಿತ್ಯ ಅಲ್ಲ ಅಂತ ನನ್ನ ಮೂರು ಕಥೆ ವಾಪಸ್ ಕಳಿಸಿದ್ದ ಒಬ್ಬ ಸಂಪಾದಕರು ಆವತ್ತು ವೇದಿಕೆ ಮೇಲೆ ಕೂತು, ನಿಮ್ಮ ಅಂತಃಕರಣ ದೊಡ್ಡದು ಅಂದರು. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟು. ವಾಪಸ್ ಕಳಿಸಿದ್ದಕ್ಕಲ್ಲ, ಹೊಗಳಿದ್ದಕ್ಕೆ.

ಚಿಕ್ಕಮ್ಮನಿಗೆ ಓದು ಬರುತ್ತಿತ್ತು. ಪತ್ರಿಕೆ ತರಿಸಿಕೊಂಡು ಓದಿದಳು. ನಾನು ಊರಿಗೆ ಹೋದಾಗ ಕಾಫಿ ಕೊಡುತ್ತಾ ಅಂದಳು, "ಚೆನ್ನಾಗಿ ಬರ್ದಿದೀಯ ಕಣೇ. ಎಲ್ಲಾರೂ ಇದಾರೆ. ನೀನೊಬ್ಬಳೇ ಇಲ್ಲ."

ಅಷ್ಟೇ ಅಂದಿದ್ದು. ಆಮೇಲೆ ಹೆಸರುಬೇಳೆ ರೇಟಿನ ಮಾತು ಬಂತು.

ಅವಳು ಹೋಗಿ ಹದಿನಾಲ್ಕು ವರ್ಷ. ಆ ಕಥೆಯನ್ನು ಸರಿಮಾಡಿ ಬರೆಯೋಣ ಅಂತ ಮೂರು ಸಲ ಕೂತಿದ್ದೇನೆ. ಮೂರು ಸಲವೂ ಆ ಹುಡುಗಿಗೆ ಏನಾದರೂ ಒಂದು ನೆಪ ಹುಡುಕಿಕೊಟ್ಟಿದ್ದೇನೆ. ಜ್ವರ ಇತ್ತು, ಚಿಕ್ಕವಳು, ತಿಳಿಯಲಿಲ್ಲ. ಮೇಲೆ ನಿನಗೆ ಹೇಳುವಾಗಲೂ ಜ್ವರ ಇತ್ತು ಅಂತ ಸೇರಿಸಿದೆ, ನೋಡಿದೆಯಾ?

ಈ ಕಣ್ಣಿಟ್ಟುಕೊಂಡು 2023ರ ಸಿನಿಮಾ ನೋಡಿದೆ. ಕಿತಾರೊ ಹುಟ್ಟುವ ಮೊದಲಿನ ಕಥೆ, 1956. ನಿನ್ನ ಪ್ರಕಾರ ಅದು ಸ್ನೇಹದ ಸಿನಿಮಾ. ಹೌದು, ಆದರೆ ಶುರು ಹೇಗಾಗುತ್ತೆ ನೆನಪಿಸಿಕೋ. ಬ್ಲಡ್ ಬ್ಯಾಂಕ್ ಕಂಪನಿಯ ನೌಕರ, ಹೆಸರು ಮಿಜುಕಿ ಅಂತಲೇ, ಯುದ್ಧದಿಂದ ಬಂದವನು. ಸಾವು ಆದ ಮನೆಗೆ ಹೋಗುತ್ತಿದ್ದಾನೆ, ಆದರೆ ತಲೆಯಲ್ಲಿ ಪ್ರಮೋಷನ್ ಲೆಕ್ಕ. ಮೇಲೆ ಬರಬೇಕು, ಮತ್ತೆ ಯಾರೂ ತನ್ನನ್ನು ತುಳಿಯಬಾರದು. ಆ ಆಸೆಯನ್ನು ಅವರು ಮುಚ್ಚಿಲ್ಲ. ಅಂಥವನು ಆ ಹಳ್ಳಿಯ ಕೊಳಕು ಕಂಡು ಬೆಚ್ಚಿದಾಗ ನಾನೂ ಬೆಚ್ಚಿದೆ. ಮೊದಲಿನಿಂದ ದೇವರಂಥವನಾಗಿದ್ದಿದ್ದರೆ ನಾನು ಎದ್ದು ಅನ್ನಕ್ಕಿಡಲು ಹೋಗುತ್ತಿದ್ದೆ. 2018ರ ಸರಣಿಯ ಮೊದಲ ಕಂತಿನಲ್ಲೂ ಅಷ್ಟೇ, ಟೋಕಿಯೊದ ಶಿಬುಯಾದಲ್ಲಿ ಜನ ಮರವಾಗಿ ನಿಂತುಬಿಡುವುದಕ್ಕೆ ಕಾರಣ ದೊಡ್ಡ ರಾಕ್ಷಸ ಅಲ್ಲ, ವ್ಯೂಸ್ ಆಸೆಗೆ ಬಿದ್ದ ಒಬ್ಬ ಯೂಟ್ಯೂಬ್ ಹುಡುಗ. ನೀನೂ ಚಾನೆಲ್ ಮಾಡಿದ್ದೀಯ ಅಲ್ವಾ?

ಸಕಾಯ್‌ಮಿನಾತೊ ಅನ್ನುವುದು ಮಿಜುಕಿ ಬೆಳೆದ ಊರು. ನೊನ್ನೊನ್‌ಬಾ ಅನ್ನುವ ಒಬ್ಬ ಮುದುಕಿ ಅಲ್ಲೇ ಅವನಿಗೆ ಯೋಕಾಯ್ ಕಥೆ ಹೇಳುತ್ತಿದ್ದಳು. ಸೂರಿನಲ್ಲಿ ಕಲೆ ಕಂಡರೆ, ರಾತ್ರಿ ಸೂರು ನೆಕ್ಕುವವನು ಬಂದಿದ್ದ ಅನ್ನುತ್ತಿದ್ದಳು. ಈಗ ಆ ಊರಿನ ಒಂದು ಬೀದಿಯ ಉದ್ದಕ್ಕೂ ಅವನ ಯೋಕಾಯ್‌ಗಳ ನೂರೆಪ್ಪತ್ತಕ್ಕೂ ಹೆಚ್ಚು ಕಂಚಿನ ಗೊಂಬೆಗಳಿವೆ. ಇಲಿ ಮನುಷ್ಯನೂ ಅವುಗಳಲ್ಲಿ ಇದ್ದಾನೆ. ಅಷ್ಟು ಮೋಸ ಮಾಡಿದವನನ್ನೂ ಬೀದಿಯಲ್ಲಿ ನಿಲ್ಲಿಸಿದ್ದಾರಲ್ಲ ಅಂತ ಮೊಮ್ಮಗಳು ನಕ್ಕಳು. ನನಗೆ ಹೊಟ್ಟೆಕಿಚ್ಚಾಯಿತು.

ನಿನ್ನ 212 ಪುಟದಲ್ಲಿ ನೀನು ಒಂದೇ ಒಂದು ಕಡೆ ಸಿಕ್ಕಿಬಿದ್ದಿದ್ದೀಯ. ಪುಟ 87, ಕೆಳಗಿನಿಂದ ನಾಲ್ಕನೇ ಸಾಲು. ಆಸ್ಪತ್ರೆಯಿಂದ ಅಪ್ಪನ ಫೋನು ಬರುತ್ತದೆ. ಹುಡುಗ ಹೆಸರು ನೋಡಿ, ಫೋನನ್ನು ಮಗುಚಿ ಇಡುತ್ತಾನೆ. ಮುಂದಿನ ಪ್ಯಾರಾದಲ್ಲಿ ಮತ್ತೆ ಮಂಜು, ಮತ್ತೆ ದೆವ್ವ. ಆ ಫೋನಿನ ಮಾತೇ ಇಲ್ಲ. ಯಾಕೆ ಎತ್ತಲಿಲ್ಲ ಅವನು? ಆಮೇಲೆ ಮನೆಯವರಿಗೆ ಏನು ಹೇಳಿದ? ಸೈಲೆಂಟಲ್ಲಿತ್ತು ಅಂದನಾ? ಕಂಟ್ರಾಕ್ಟರ್, ಕಾಡು, ಎಲ್ಲ ಅಲ್ಲೇ ಇರಲಿ, ನನಗೆ ಆ ಫೋನು ಬೇಕು.

ಬರುವ ಮಂಗಳವಾರ ನನಗೆ ಕಣ್ಣಿನ ಪೊರೆ ಆಪರೇಷನ್. ಮೊಮ್ಮಗಳು ಆಗಲೇ ನನ್ನನ್ನು ಕಣ್ಣಜ್ಜಿ ಅಂತ ಕರೆಯಲು ಶುರುಮಾಡಿದ್ದಾಳೆ, ಟೀ ಬಟ್ಟಲು ತರಲಾ ಅನ್ನುತ್ತಾಳೆ. ಒಂದು ತಿಂಗಳು ಓದುವ ಹಾಗಿಲ್ಲವಂತೆ. ಅಷ್ಟರಲ್ಲಿ ಬರೆದು ಕಳಿಸು. ಪಿಡಿಎಫ್ ಬೇಡ, ಅಕ್ಷರ ದೊಡ್ಡದು ಮಾಡಿ ಪ್ರಿಂಟು ಹಾಕಿಸು, ಒಂದೇ ಮಗ್ಗುಲು. ದುಡ್ಡು ಬೇಕಿದ್ದರೆ ನಾಚಿಕೆ ಪಡದೆ ಕೇಳು.

ಇಂತಿ,
ಅಕ್ಕ