ಶುಲ್ಕದ ಗಡುವು ತಿಂಗಳ ಕೂಲಿಗೆ ಕಾಯುವುದಿಲ್ಲ

ಗದಗ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡವ್ವ ಮಾಡುವ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ.

ಧಾರವಾಡದ ಮಳೆಯ ವರ್ಣನೆಗೆ ಒಂದು ಪುಟ ಬರೆದು, ಕೇಳಬೇಕಾದ ಮಾತನ್ನು ಕೊನೆಯ ನಾಲ್ಕು ಸಾಲಿನಲ್ಲಿ ತುರುಕಿದ್ದೀಯ. ಕಾಲೇಜಿನ ಗ್ರಂಥಾಲಯದಲ್ಲಿ ದಿನಕ್ಕೆ ಎರಡು ಗಂಟೆಯ ಕೆಲಸವಂತೆ, ಗಂಟೆಗೆ 50 ರೂಪಾಯಿಯಂತೆ. ಕೋಣೆಯ ಗೆಳತಿ ಮಾತ್ರ ಹುಬ್ಬಳ್ಳಿಯ ಕಲ್ಯಾಣ ಮಂಟಪಗಳಲ್ಲಿ ಬಡಿಸಲು ಹೋಗೋಣ, ಒಂದೇ ರಾತ್ರಿಗೆ ಅದರ ಐದು ಪಟ್ಟು ಸಿಗುತ್ತದೆ ಎನ್ನುತ್ತಾಳಂತೆ. ಯಾವುದಕ್ಕೆ ಹೋಗಲಿ ಎಂಬುದು ನಿನ್ನ ಪ್ರಶ್ನೆ. ನಿಮ್ಮಪ್ಪನವರಿಗೆ ಇದಾವುದೂ ಗೊತ್ತಿಲ್ಲವಂತೆ.

ಗ್ರಂಥಾಲಯಕ್ಕೆ ಹೆಸರು ಕೊಡು. ಆದರೆ ಆ ಹಣದಿಂದಲೇ ಶುಲ್ಕ ಕಟ್ಟುತ್ತೇನೆ ಎಂದು ಬರೆದಿದ್ದೀಯಲ್ಲ, ಆ ಲೆಕ್ಕ ಕೂಡುವುದಿಲ್ಲ. ತಿಂಗಳಿಗೆ 20 ದಿನ ಹಿಡಿದರೂ ಕೈಗೆ ಬರುವುದು 2,000 ರೂಪಾಯಿ. ಗ್ರಂಥಪಾಲಕರು ಹಾಜರಿಗೆ ಸಹಿ ಹಾಕಿ, ಅದು ಕಚೇರಿಗೆ ಹೋಗಿ, ಬಿಲ್ಲಾಗಿ ನಿನ್ನ ಖಾತೆಗೆ ಬೀಳುವಷ್ಟರಲ್ಲಿ ಮುಂದಿನ ತಿಂಗಳು. ಶುಲ್ಕದ ಗಡುವು ಅಷ್ಟು ಹೊತ್ತು ಕಾಯುವುದಿಲ್ಲ. ದೀಪಾವಳಿ ರಜೆಯಲ್ಲಿ ಕೆಲಸವಿಲ್ಲ, ಪರೀಕ್ಷೆಯ ದಿನಗಳಲ್ಲಿ ನೀನೇ ಹೋಗುವುದಿಲ್ಲ. ಇದನ್ನು ಮೆಸ್ಸಿಗೆ, ಝೆರಾಕ್ಸಿಗೆ, ಪುಸ್ತಕಕ್ಕೆ ಇಟ್ಟುಕೋ. ಶುಲ್ಕದ ದಾರಿ ಬೇರೆಯೇ ಇದೆ.

ಅಮೆರಿಕದಲ್ಲಿ ಸರ್ಕಾರವೇ ಕೆಲಸ ಕೊಟ್ಟು ಓದಿಸುತ್ತದೆ ಎಂದು ಯಾರೋ ನಿನಗೆ ಹೇಳಿದ್ದಾರೆ. ನಿನ್ನ ಅಣ್ಣನಿಂದ ಅದರ ನಿಯಮಗಳನ್ನು ಓದಿಸಿ ಕೇಳಿದೆ. 1964ರ ಕಾನೂನಿನಿಂದ ಬಂದ ಯೋಜನೆ, ಫೆಡರಲ್ ವರ್ಕ್ ಸ್ಟಡಿ ಎಂದು ಹೆಸರು. ಕೂಲಿಯ ಒಂದು ಪಾಲನ್ನು ಸರ್ಕಾರ ಭರಿಸುತ್ತದೆ, ಉಳಿದದ್ದು ಕೆಲಸ ಕೊಟ್ಟವರದು. ಕಾಲೇಜು ಕೊಡುವ ನೆರವಿನ ಪತ್ರದಲ್ಲಿ ಬರೆದ ಮೊತ್ತ ಗಳಿಸಬಹುದಾದ ಗರಿಷ್ಠ ಮಿತಿ ಅಷ್ಟೇ. ಕೆಲಸ ಹುಡುಕಿಕೊಂಡು ದುಡಿಯಬೇಕು, ದುಡಿಯದ ಗಂಟೆಗೆ ಬಿಡಿಗಾಸೂ ಇಲ್ಲ. ಅಲ್ಲಿಯೂ ದುಡಿದ ಮೇಲೆಯೇ ಹಣ! ವಿದ್ಯಾರ್ಥಿ ವೀಸಾದ ಮೇಲೆ ಹೋದ ನಮ್ಮ ಕಡೆಯ ಹುಡುಗರಿಗೆ ಆ ಯೋಜನೆ ಸಿಗುವುದೇ ಇಲ್ಲ. ಪಾಠ ನಡೆಯುವ ದಿನಗಳಲ್ಲಿ ಅವರು ವಿಶ್ವವಿದ್ಯಾಲಯದ ಆವರಣದೊಳಗೆ ವಾರಕ್ಕೆ 20 ಗಂಟೆಯವರೆಗೆ ಬೇರೆ ಕೆಲಸ ಮಾಡಬಹುದು.

ಇನ್ನು ಶುಲ್ಕದ ಮಾತು. ಕಾಲೇಜು ಕಚೇರಿಯಲ್ಲಿ ವಿದ್ಯಾರ್ಥಿವೇತನದ ಮೇಜಿಗೆ ಕುಳಿತು ನಿವೃತ್ತಳಾದವಳು ನಾನು. ಈ ವಿಷಯದಲ್ಲಿ ನನ್ನ ಮಾತು ಕೇಳು. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕುವ ಮೊದಲು ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್ ಎರಡನ್ನೂ ಪಕ್ಕಪಕ್ಕ ಇಟ್ಟು ಹೆಸರಿನ ಒಂದೊಂದು ಅಕ್ಷರ ಹೋಲಿಸು. ಒಂದರಲ್ಲಿ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಇರುತ್ತವೆ. ಇನ್ನೊಂದರಲ್ಲಿ ಬರಿಯ ಹೆಸರು. ಅರ್ಜಿ ಅಲ್ಲಿಯೇ ಸಿಕ್ಕಿಹಾಕಿಕೊಳ್ಳುತ್ತದೆ, ಹುಡುಗಿ ಮಾರ್ಚಿನಲ್ಲಿ ಬಂದು ಅಳುತ್ತಾಳೆ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಮೇಲಿರುವ ಆರ್‌ಡಿ ಸಂಖ್ಯೆ ಬರೆದಿಟ್ಟುಕೋ, ಆದಾಯದ್ದು ಅವಧಿ ಮುಗಿದಿದೆಯೇ ನೋಡು. ಹಣ ಬೀಳುವುದು ಆಧಾರ್ ಜೋಡಣೆಯಾದ ಖಾತೆಗೆ. ನಿನ್ನದು ಆಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳು. ಹಿಂದುಳಿದ ವರ್ಗಗಳ ಹಾಸ್ಟೆಲ್ ಸಿಗಲಿಲ್ಲ ಎಂದು ಕೊರಗುತ್ತಿದ್ದೀಯ, ವಿದ್ಯಾಸಿರಿಗೆ ಅರ್ಜಿ ಹಾಕಿದೆಯಾ? ಹಾಸ್ಟೆಲ್ ಸಿಗದವರಿಗಾಗಿಯೇ ಇರುವ ಯೋಜನೆ ಅದು: ಊಟ, ವಸತಿಗೆಂದು ತಿಂಗಳಿಗೆ ಇಷ್ಟೆಂದು 10 ತಿಂಗಳು ಹಣ ಕೊಡುತ್ತಾರೆ.

ಬಡಿಸುವ ಕೆಲಸ ಕೀಳೆಂದು ನಾನು ಬೇಡ ಎನ್ನುತ್ತಿಲ್ಲ. ಕೊನೆಯ ಪಂಕ್ತಿ ಎದ್ದು, ಎಲೆ ತೆಗೆದು, ಪಾತ್ರೆ ಎಣಿಸಿ ಒಪ್ಪಿಸುವಷ್ಟರಲ್ಲಿ ನಡುರಾತ್ರಿ ಸಮೀಪಿಸಿರುತ್ತದೆ. ಹುಬ್ಬಳ್ಳಿಯಿಂದ ಧಾರವಾಡ 20 ಕಿಲೋಮೀಟರ್. ಬೆಳಿಗ್ಗೆ ಮೊದಲ ತರಗತಿ ತಪ್ಪಿದರೆ ಹಾಜರಾತಿ ಶೇಕಡ 75ಕ್ಕಿಂತ ಕೆಳಗಿಳಿಯಲು ಎಷ್ಟು ದಿನ ಬೇಕು? ಗುತ್ತಿಗೆದಾರನಿಗೆ ಮುಹೂರ್ತದ ಪಟ್ಟಿ ಬಾಯಿಪಾಠವಿರುತ್ತದೆ, ನಿನ್ನ ಪರೀಕ್ಷೆಯ ವೇಳಾಪಟ್ಟಿ ಅವನಿಗೇಕೆ? ಆಷಾಢ ಬಂತೆಂದರೆ ಕೆಲಸವೂ ಇಲ್ಲ, ಕೂಲಿಯೂ ಇಲ್ಲ.

ಗ್ರಂಥಾಲಯದ ಕೆಲಸ ಸುಲಭವೆಂದೂ ತಿಳಿಯಬೇಡ. ಹಿಂತಿರುಗಿದ ಪುಸ್ತಕಗಳನ್ನು ಬೆನ್ನಿನ ಚೀಟಿ ನೋಡಿ ಕಪಾಟಿಗೆ ಸೇರಿಸಬೇಕು. ಪುಸ್ತಕದ ವಿಷಯವನ್ನು ಅಂಕಿಯಲ್ಲಿ ಗುರುತಿಸುವ ಡ್ಯೂಯಿ ವರ್ಗೀಕರಣದಲ್ಲಿ 894.814 ಎಂದರೆ ಕನ್ನಡ ಸಾಹಿತ್ಯ, 894.811 ಎಂದರೆ ತಮಿಳು. ಕೊನೆಯ ಅಂಕಿಯನ್ನು ಅವಸರದಲ್ಲಿ ಓದಿ ಇಟ್ಟುಬಿಟ್ಟರೆ ಆ ಪುಸ್ತಕ ಗ್ರಂಥಾಲಯದೊಳಗೇ ಕಳೆದುಹೋದಂತೆ. ಮುಂದಿನ ವಾರ ಕೇಳಿ ಬಂದವರಿಗೆ ಇಲ್ಲ ಎನ್ನಬೇಕಾಗುತ್ತದೆ. ಎಷ್ಟು ಗಂಟೆ ದುಡಿದೆ ಎಂಬುದನ್ನು ನಿನ್ನದೇ ಒಂದು ವಹಿಯಲ್ಲಿ ಬರೆದು, ಪ್ರತಿ ಶನಿವಾರ ಸಹಿ ಮಾಡಿಸಿಕೋ. ಸಿಬ್ಬಂದಿಗೆ ಚಹಾ ತಂದುಕೊಡುವುದು ಆ ಎರಡು ಗಂಟೆಯಲ್ಲಿ ಸೇರಿಲ್ಲ. ನಗುತ್ತಲೇ ಇಲ್ಲ ಎನ್ನು. ಪರೀಕ್ಷೆಗೆ ಎರಡು ವಾರ ಮೊದಲೇ ರಜೆ ಕೇಳು. ನಿನ್ನ ಪರೀಕ್ಷೆ ಯಾವಾಗ ಎಂದು ಗೊತ್ತಿರುವವರ ಕೈಕೆಳಗೆ ದುಡಿಯುವುದರ ಲಾಭ ಇರುವುದೇ ಅಲ್ಲಿ.

ಗೊತ್ತಾದರೆ ನಿಮ್ಮಪ್ಪನವರದು ಒಂದೇ ಚಿಂತೆ, ಓದಲು ಕಳುಹಿಸಿದ ಮಗಳನ್ನು ದುಡಿಯಲು ಹಚ್ಚಿದರು ಎಂದು ಬ್ಯಾಡಗಿಯ ಜನ ಆಡಿಕೊಂಡಾರೆಂದು. ಬೇಸಿಗೆ ರಜೆಯಲ್ಲಿ ನಿಮ್ಮವ್ವನ ಜೊತೆ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸಿ, ಕಿಲೋ ಲೆಕ್ಕದಲ್ಲಿ ಕೂಲಿ ತಂದಾಗ ಯಾರೂ ಏನೂ ಅನ್ನಲಿಲ್ಲ. ಈ ಧಾರವಾಡದಲ್ಲಿ ವಾರಾನ್ನ ಉಂಡು, ಮಠದ ಪ್ರಸಾದ ನಿಲಯದಲ್ಲಿದ್ದು ಓದಿದವರೆಷ್ಟು ಜನ! ಅತ್ತ ಮಹಾರಾಷ್ಟ್ರದ ಸಾತಾರದ ಕಡೆ ಕರ್ಮವೀರ ಭಾವುರಾವ್ ಪಾಟೀಲರು 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆ ಕಟ್ಟಿ, ದುಡಿದು ಕಲಿಯಿರಿ ಎಂದು ರೈತರ ಮಕ್ಕಳಿಗೆ ದಾರಿ ತೋರಿದರು.

ಅವರಿಗೆ ನೀನೇ ಹೇಳಬೇಕು, ಬೇರೆಯವರ ಬಾಯಿಂದ ಕೇಳುವಂತಾಗಬಾರದು. ಸೋಮವಾರ, ಗುರುವಾರ ಮೆಣಸಿನಕಾಯಿ ಮಾರುಕಟ್ಟೆಯ ಗದ್ದಲದಲ್ಲಿರುತ್ತಾರೆ. ಭಾನುವಾರ ಊಟವಾದ ಮೇಲೆ ಫೋನು ಮಾಡು. ಸಿಟ್ಟಾದರೆ ನನಗೆ ಮಾಡಲು ಹೇಳು. ವಿದ್ಯಾಸಿರಿ ಅರ್ಜಿಯ ಸಂಖ್ಯೆ ಬಂದ ಕೂಡಲೇ ನನಗೂ ಕಳುಹಿಸು, ಇಲ್ಲಿಂದ ನೋಡುತ್ತಿರುತ್ತೇನೆ.

ಇಂತಿ ನಿನ್ನ
ದೊಡ್ಡವ್ವ