ಮಲ್ಪೆಯ ಮೇಸ್ತ್ರಿಗೆ, ಮತ್ತು ಅವರ ಹುಡುಗನಿಗೆ

ಅಜ್ಜ ಕೊಂಡು ತಂದ, ಒಂದು ಕಾಲಕ್ಕೆ ಬ್ರಹ್ಮಾವರದ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸಿದ ನಮ್ಮ ಮನೆಯ ಮ್ಯಾಸಿ ಫರ್ಗ್ಯುಸನ್ 35 ಟ್ರ್ಯಾಕ್ಟರು ಈ ಜನವರಿಯಲ್ಲಿ ಬಯಲುಸೀಮೆಯ ಜಾತ್ರೆಯೊಂದರ ಭಾರ ಎಳೆಯುವ ಸ್ಪರ್ಧೆಯಲ್ಲಿ ಮರಳು ತುಂಬಿದ ಟ್ರೇಲರನ್ನು ಕೊನೆಯ ಗೆರೆ ದಾಟಿಸಿತು. ಹೊತ್ತಿನ ಲೆಕ್ಕದಲ್ಲಿ ನಾಲ್ಕನೆಯವರಾದೆವು. ಬಹುಮಾನ ಮೂವರಿಗಷ್ಟೇ ಇತ್ತು.

ಎಂಜಿನಿನ ಕ್ರ್ಯಾಂಕನ್ನು ಹತ್ತು ಥೌ (ಒಂದು ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ) ಗ್ರೈಂಡ್ ಮಾಡಿಕೊಟ್ಟ ಬೈಕಂಪಾಡಿಯವರಿಗೆ, ಡೀಸೆಲ್ ಪಂಪು ಮತ್ತು ನೋಝಲ್‌ಗಳನ್ನು ಪರೀಕ್ಷಿಸಿಕೊಟ್ಟ ಮಣಿಪಾಲದ ಗೆಳೆಯರಿಗೆ, ಟ್ರ್ಯಾಕ್ಟರನ್ನು ಲಾರಿಯಲ್ಲಿ ಅರಬೈಲು ಘಟ್ಟ ಹತ್ತಿಸಿದ ಭಾವನಿಗೆ, ತಿಂಗಳುಗಟ್ಟಲೆ ಸದ್ದು ಸಹಿಸಿದ ನೆರೆಮನೆಯವರಿಗೆ ನಾನು ಕೃತಜ್ಞ. ಆ ಸ್ಪರ್ಧೆಗೆಂದೇ ಹಳೆಯ ಎಂಜಿನನ್ನು ಬಿಚ್ಚಿ ಮತ್ತೆ ಕಟ್ಟಿದ್ದೆವು.

ಮಲ್ಪೆ ಬಂದರಿನಲ್ಲಿ ಬೋಟುಗಳ ಎಂಜಿನ್ ಸರಿಪಡಿಸುವ ಮೇಸ್ತ್ರಿಯವರ ಋಣ ಮಾತ್ರ ಒಂದು ಸಾಲಿನಲ್ಲಿ ಮುಗಿಯುವಂಥದ್ದಲ್ಲ. ಹೆಸರು ಬರೆಯಕೂಡದೆಂದು ಅವರೇ ಹೇಳಿದ್ದಾರೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ 61 ದಿನಗಳಲ್ಲಿ ಬೋಟುಗಳ ಎಂಜಿನ್ನುಗಳೆಲ್ಲ ಬಿಚ್ಚಿಕೊಂಡು ಕೂತಿರುವಾಗ ಅವರಿಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ಆದರೂ ರಾತ್ರಿ ಎಂಟರ ಮೇಲೆ ಶಿಷ್ಯ ಹುಡುಗನನ್ನು ಬೈಕಿನ ಹಿಂದೆ ಕೂರಿಸಿಕೊಂಡು, ಮಳೆಯಲ್ಲಿ ನೆನೆಯುತ್ತ ನಮ್ಮ ಕೊಟ್ಟಿಗೆಗೆ ಬರುತ್ತಿದ್ದರು. 2000 ಆರ್‌ಪಿಎಮ್‌ಗೆ (ನಿಮಿಷಕ್ಕೆ ಅಷ್ಟು ಸುತ್ತು) ಕಟ್ಟಿದ ಎಂಜಿನನ್ನು 2800ಕ್ಕೆ ಏರಿಸಬೇಕು, ಡೀಸೆಲ್ ಹೆಚ್ಚು ಬಿಡಬೇಕು ಎಂಬುದು ನನ್ನ ಹಟವಾಗಿತ್ತು. ಒಂದು ಕಿಲೋ ಡೀಸೆಲ್ ಉರಿಯಲು ಸುಮಾರು 14.5 ಕಿಲೋ ಗಾಳಿ ಬೇಕು. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಎರಡೂವರೆ ಲೀಟರಿನ ಈ ಮೂರು ಸಿಲಿಂಡರುಗಳಿಗೆ ಸಿಗುವ ಗಾಳಿಗೆ ಮಿತಿಯಿದೆ, ಮಿಕ್ಕಿದ್ದೆಲ್ಲ ಕರಿ ಹೊಗೆ. ಲೆಕ್ಕ ನನಗೂ ಗೊತ್ತಿತ್ತು, ಅವರು ನಂಬಿದ್ದು ಮಾತ್ರ ಬೋಟನ್ನು. ಬಲೆ ಎಳೆಯುವ ಬೋಟಿಗೆ ಭಾರ ಒಂದು ಕ್ಷಣವೂ ಬಿಡುವು ಕೊಡುವುದಿಲ್ಲ, ಅಲ್ಲಿ ಓಟವಲ್ಲ, ಕುಗ್ಗದೆ ನಿಲ್ಲುವುದು ಮುಖ್ಯ, ನಿಮ್ಮ ಟ್ರೇಲರೂ ಹಾಗೆಯೇ ಎಂದು ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗೆ ಗಾಳಿ ಸೋರದಂತೆ ಒತ್ತುವ ಬಿಗಿ, ಸರಿಪಡಿಸುವುದರಲ್ಲೇ ವಾರಗಳನ್ನು ಕಳೆದರು.

ಜುಲೈ ಕೊನೆಯ ವಾರದ ಆ ರಾತ್ರಿ, ಅವರು ಕೈ ತೊಳೆಯಲು ಹೊರಗೆ ಹೋದಾಗ, ನಾನು ಎಂಜಿನ್ ಶುರು ಮಾಡಿ ಥ್ರಾಟಲ್ ಎಳೆದೆ. ಎಂಜಿನ್ ಹತೋಟಿ ಮೀರಿ ಏರತೊಡಗಿತು. ಸ್ಟಾಪ್ ಗುಂಡಿ ಎಳೆದರೂ ನಿಲ್ಲಲಿಲ್ಲ. ಕೊಟ್ಟಿಗೆಯ ಹಂಚುಗಳು ಗಡಗಡ ನಡುಗಿದವು. ಮೇಸ್ತ್ರಿ ಓಡಿಬಂದು, ಏರ್ ಕ್ಲೀನರಿನ ರಬ್ಬರ್ ಹೋಸನ್ನು ಒದ್ದು ಕಿತ್ತು, ಎಂಜಿನಿಗೆ ಗಾಳಿ ಹೋಗುವ ಮ್ಯಾನಿಫೋಲ್ಡಿನ ಬಾಯಿಗೆ ಹಲಗೆಯ ತುಂಡೊಂದನ್ನು ಒತ್ತಿ ಹಿಡಿದರು. ಎಂಜಿನ್ ಉಸಿರುಕಟ್ಟಿ ನಿಂತಿತು.

ಅಜ್ಜನ ಎಂಜಿನ್ ಮುಗಿಯಿತೆಂದು ನಾನು ನೆಲದ ಮೇಲೆ ಕುಳಿತು ಅತ್ತೆ. ಅತ್ತದ್ದಕ್ಕೆ ನಾಚಿಕೆಯಿಲ್ಲ, ಅದಕ್ಕೂ ಮೊದಲು ಹುಡುಗನ ಕಡೆ ತಿರುಗಿ, ಪಂಪಿಗೆ ಕೈ ಹಾಕಿದವನು ನೀನೇ ಎಂದು ಕೂಗಿದ್ದಕ್ಕೆ ಇದೆ. ಹುಡುಗ ಏನೂ ಹೇಳಲಿಲ್ಲ. ಮೇಸ್ತ್ರಿಯೂ ಏನೂ ಹೇಳದೆ ಗಾಳಿಯ ಧೂಳು ಹಿಡಿಯಲು ಎಣ್ಣೆ ತುಂಬುವ, ಏರ್ ಕ್ಲೀನರಿನ ಕೆಳಗಿನ ಬಟ್ಟಲನ್ನು ಬಿಚ್ಚಿ ನನ್ನ ಮುಂದೆ ಇಟ್ಟರು. ಎಂಜಿನ್ ಅಷ್ಟು ಹೀರಿಕೊಂಡ ಮೇಲೂ ಎಣ್ಣೆ ಗುರುತಿನ ಗೆರೆಗಿಂತ ಬೆರಳು ದಪ್ಪ ಮೇಲಿತ್ತು. ಅದನ್ನು ಆ ಸಂಜೆ ತುಂಬಿದವನು ನಾನು. ಎಂಜಿನ್ ಉರಿಸಿದ್ದು ಡೀಸೆಲನ್ನಲ್ಲ, ಆ ಎಣ್ಣೆಯನ್ನು.

ಅವರು ಮನೆಗೆ ಹೋಗಲಿಲ್ಲ. ಎಂಜಿನಿನ ಅಡಿಯ ಎಣ್ಣೆ ತೊಟ್ಟಿ ಸಂಪ್ ಇಳಿಸಿ ಬೇರಿಂಗ್ ಶೆಲ್ಲುಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಸವರಿ ನೋಡಿದರು. ಮೂರನೆಯದನ್ನು ಎರಡು ಬಾರಿ ಸವರಿ "ಎಡ್ಡೆ ಉಂಡು" (ಚೆನ್ನಾಗಿದೆ) ಎಂದು ತುಳುವಿನಲ್ಲಿ ಅಂದರು. ಬಾಗಿದ್ದು ವಾಲ್ವ್ ತೆರೆಯಿಸುವ ಒಂದು ಪುಶ್‌ರಾಡ್ ಮಾತ್ರ. ಹಳೆಯ ಹೆಡ್ಡಿನೊಂದಿಗೆ ಬಂದಿದ್ದ ಇನ್ನೊಂದನ್ನು ಅದರ ಜಾಗಕ್ಕೆ ಹಾಕಿದರು. ಬೆಳಗಿನ ನಾಲ್ಕಕ್ಕೆ, ಹುಡುಗ ಟಾರ್ಚ್ ಹಿಡಿದಿರಲು, ಫೀಲರ್ ಗೇಜ್ ತೂರಿಸಿ ಟ್ಯಾಪೆಟ್ಟುಗಳ ಸಂದನ್ನು ಹನ್ನೆರಡು ಥೌಗೆ ಕೂರಿಸಿ, ನನ್ನ ಹೆಂಡತಿ ಕೊಟ್ಟ ಗಂಜಿ ಉಂಡು, ಆರಕ್ಕೆ ಬಂದರಿನಲ್ಲಿದ್ದರು. ದುಡ್ಡು ಈವರೆಗೂ ಮುಟ್ಟಿಲ್ಲ.

ಹುಡುಗನಿಗೆ ಅಂದೇ ಕ್ಷಮೆ ಕೇಳಬೇಕಿತ್ತು, ಕೇಳಲಿಲ್ಲ. ಕೂಗಿದ್ದು ನಾಲ್ಕು ಜನರ ಎದುರಿಗಾದ್ದರಿಂದ ಈಗ ಎಲ್ಲರ ಎದುರಿಗೇ ಕೇಳುತ್ತಿದ್ದೇನೆ. ಜಾತ್ರೆಗೆ ಅವನೂ ಲಾರಿಯಲ್ಲಿ ಬಂದಿದ್ದ. ನಮ್ಮ ಸರದಿಯ ಕೂಗು ಕೇಳಿದಾಗ, ನಾನು ಸೀಟು ಹತ್ತುವ ಮೊದಲೇ ಅವನು ಮೊಣಕಾಲೂರಿ ಆ ಬಟ್ಟಲನ್ನು ಬಿಚ್ಚಿ, ಎಣ್ಣೆಯ ಮಟ್ಟ ನೋಡಿ, ಮತ್ತೆ ಕೂರಿಸಿ, ನನಗೆ ತಲೆಯಾಡಿಸಿದ.