ಕಾಯಿ ಕಡಿಮೆ, ಆಟ ಜಾಸ್ತಿ

ಚಿತ್ರದುರ್ಗ

ಚಿ. ಕಾವ್ಯಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ದಾವಣಗೆರೆಯ ವಿದ್ಯಾನಗರದಲ್ಲಿ ಚಿಕ್ಕ ಮಕ್ಕಳಿಗೆ ಚೆಸ್ ಕ್ಲಾಸ್ ಶುರು ಮಾಡ್ತೀಯಂತೆ, ನಿಮ್ಮಪ್ಪ ಫೋನಿನಲ್ಲಿ ಹೇಳಿದ. ನೀನು ಚೆನ್ನಾಗಿ ಆಡ್ತೀಯ, ಅದರಲ್ಲಿ ಎರಡು ಮಾತಿಲ್ಲ. ನನಗೆ ಭಯ ಇರುವುದೂ ಅಲ್ಲೇ. ಚೆನ್ನಾಗಿ ಆಡುವವರು ಗೊತ್ತಿರುವುದನ್ನೆಲ್ಲ ಮೊದಲ ತಿಂಗಳಲ್ಲೇ ಸುರಿದುಬಿಡುತ್ತಾರೆ. ಮಗು ಬರುವುದು ಕಾಯಿ ನಡೆಸುವುದಕ್ಕೆ, ಭಾಷಣ ಕೇಳುವುದಕ್ಕಲ್ಲ. 75 ನಿಮಿಷದ ಕ್ಲಾಸಿನಲ್ಲಿ ನಿನ್ನ ಮಾತು 15 ನಿಮಿಷ, ಒಂದೇ ನಡೆಯಲ್ಲಿ ಚೆಕ್‌ಮೇಟ್ (ರಾಜ ತಪ್ಪಿಸಿಕೊಳ್ಳಲಾಗದಂತೆ ಸಿಕ್ಕಿಬೀಳುವುದು) ಹುಡುಕುವಂಥ ಲೆಕ್ಕ 15 ನಿಮಿಷ, ಉಳಿದದ್ದೆಲ್ಲ ಆಟ.

ಮೊದಲ ಬ್ಯಾಚಿಗೆ 12 ಮಕ್ಕಳು ಸಾಕು. ಏಳು ಬೋರ್ಡ್ ತಗೋ, ಆರು ಜೋಡಿಗೆ ಆರು, ಒಂದು ಹೆಚ್ಚಿಗೆ. ಒಬ್ಬ ಬರದಿದ್ದರೆ ಜೋಡಿ ತಪ್ಪಿದ ಮಗುವಿನ ಎದುರು ನೀನೇ ಕೂರಬೇಕು. ಸುತ್ತಿಡುವ ವಿನೈಲ್ ಬೋರ್ಡ್ ಒಳ್ಳೆಯದು: 20 ಇಂಚಿನದು, ಮನೆ ಎರಡೂಕಾಲು ಇಂಚು, ರಾಜನ ಎತ್ತರ ಮೂರೂಮುಕ್ಕಾಲು ಇಂಚು. ಅಂಚಿನಲ್ಲಿ ಎ ಇಂದ ಎಚ್ ಅಕ್ಷರ, 1ರಿಂದ 8 ಅಂಕಿ ಅಚ್ಚಾಗಿರಲೇಬೇಕು; ಎ8, ಬಿ6 ಅಂತ ಮನೆಯ ಹೆಸರು ಹೇಳುವುದು ಅದರಿಂದಲೇ. ಅಚ್ಚಾದ ಮುಖ ಹೊರಗೆ ಬರುವಂತೆ ಸುತ್ತಿಡು, ಬಿಚ್ಚಿದಾಗ ಅಂಚು ಮೇಲೇಳುವುದಿಲ್ಲ. ಮಡಚುವ ಪುಟ್ಟ ಮ್ಯಾಗ್ನೆಟ್ ಬೋರ್ಡ್ ಬಸ್ಸಿನಲ್ಲಿ ಆಡೋದಕ್ಕೆ ಸರಿ, ಕ್ಲಾಸಿಗಲ್ಲ. ಸೆಟ್ಟಿನಲ್ಲಿ ಬಣ್ಣಕ್ಕೊಂದು ಹೆಚ್ಚುವರಿ ರಾಣಿ ಇದೆಯಾ ನೋಡು, ಸೈನಿಕ ಆಚೆ ತುದಿ ಮುಟ್ಟಿ ರಾಣಿಯಾದಾಗ ಬೇಕಾಗುತ್ತದೆ. ಇಲ್ಲದಿದ್ದರೆ ಮಕ್ಕಳು ಆನೆಯನ್ನು ತಲೆಕೆಳಗಾಗಿಟ್ಟು ರಾಣಿ ಅನ್ನುತ್ತಾರೆ. ಟೂರ್ನಮೆಂಟಿನಲ್ಲಿ ಅದು ಆನೆಯೇ.

ಮೊದಲ ದಿನ 32 ಕಾಯಿ ಜೋಡಿಸಬೇಡ. ಬರೀ ಸೈನಿಕರು, ಎಂಟೆಂಟು. ಯಾರ ಸೈನಿಕ ಮೊದಲು ಆಚೆ ತುದಿ ಮುಟ್ಟುತ್ತಾನೋ ಅವರು ಗೆದ್ದರು. ನೇರ ನಡೆದು ಓರೆಯಾಗಿ ಹೊಡೆಯುವುದು ಈ ಆಟದಲ್ಲೇ ಕೈಗೆ ಹತ್ತುತ್ತದೆ. ಮುಂದಿನ ಕ್ಲಾಸಿಗೆ ಆನೆ ಸೇರಿಸು, ಆಮೇಲೆ ಒಂಟೆ, ರಾಣಿ, ರಾಜ. ಕುದುರೆ ಕೊನೆಗೆ, ಅದಕ್ಕೆ ಒಂದು ಕ್ಲಾಸ್ ಪೂರ್ತಿ ಕೊಡು. ಓಪನಿಂಗ್ (ಆಟ ಶುರು ಮಾಡುವ ನಡೆಗಳ) ಹೆಸರು ಬಾಯಿಪಾಠ ಮಾಡಿಸುವ ಚಟ ಬೇಡವೇ ಬೇಡ. ಅದಕ್ಕಿಂತ ಮೊದಲು ಎರಡು ಆನೆಯಿಂದ ರಾಜನನ್ನು ಸಾಲು ಸಾಲಾಗಿ ಅಂಚಿಗೆ ತಳ್ಳುವುದು ಬರಬೇಕು, ನಂತರ ರಾಜ ರಾಣಿ ಸೇರಿ ಮೇಟ್ ಮಾಡುವುದು. ಇಲ್ಲೇ ಮಕ್ಕಳು ಗೆಲ್ಲುವ ಆಟವನ್ನು ಡ್ರಾ ಮಾಡಿಕೊಂಡು ಅಳುತ್ತಾರೆ. ಕಪ್ಪು ರಾಜನನ್ನು ಎ8ರಲ್ಲಿ, ಬಿಳಿ ರಾಣಿಯನ್ನು ಬಿ6ರಲ್ಲಿ ಇಟ್ಟು ತೋರಿಸು: ನಡೆ ಕಪ್ಪಿನದು, ಚೆಕ್ ಇಲ್ಲ, ರಾಜನಿಗೆ ಹೋಗಲು ಜಾಗವೂ ಇಲ್ಲ. ಸ್ಟೇಲ್‌ಮೇಟ್ ಅಂದರೇನು ಅಂತ ಬೇರೆ ವಿವರಣೆ ಬೇಕಾಗಿಲ್ಲ.

ಕೆಲವು ಮಕ್ಕಳು ಅಜ್ಜನ ಹತ್ತಿರ ಕಲಿತು ಬಂದಿರುತ್ತಾರೆ. ಸೈನಿಕ ಮೊದಲ ನಡೆಯಲ್ಲೂ ಒಂದೇ ಮನೆ, ರಾಜ ಒಂದು ಸಲ ಕುದುರೆಯಂತೆ ಹಾರಬಹುದು, ರಾಣಿಗೆ ಮಂತ್ರಿ ಎಂಬ ಹೆಸರು. ತಪ್ಪು ಅನ್ನಬೇಡ. ಅದು ನಮ್ಮ ಹಳೇ ಪದ್ಧತಿ, ಟೂರ್ನಮೆಂಟಿನದು ಬೇರೆ ನಿಯಮ ಅನ್ನು. ಅಜ್ಜನ ಮರ್ಯಾದೆಯೂ ಉಳಿಯಲಿ.

ಮೂರನೇ ವಾರದ ಹೊತ್ತಿಗೆ ಒಬ್ಬ ಹುಡುಗ ಯೂಟ್ಯೂಬ್ ನೋಡಿಕೊಂಡು ನಾಲ್ಕು ನಡೆಯ ಮೇಟ್ ಕಲಿತು ಬಂದು ಎಲ್ಲರನ್ನೂ ಸೋಲಿಸುತ್ತಾನೆ. ಉಳಿದವರು ಕ್ಲಾಸ್ ಬಿಡುವುದು ಆಗಲೇ. ಅವನನ್ನು ತಡೆಯಬೇಡ, ಮದ್ದು ಕಲಿಸು. ಕಪ್ಪಿನ ಎಫ್7ರ ಸೈನಿಕನಿಗೆ ರಾಜನೊಬ್ಬನೇ ಕಾವಲು, ಅದಕ್ಕೇ ಕಣ್ಣು ಅಲ್ಲಿ. ಇಬ್ಬರ ಸೈನಿಕರೂ ಇ4, ಇ5ರಲ್ಲಿರುವಾಗ ಬಿಳಿ ರಾಣಿ ಎಚ್5ಕ್ಕೆ ಬಂದರೆ ಮೊದಲು ಕುದುರೆ ಸಿ6ಕ್ಕೆ, ಇ5 ಉಳಿಯುತ್ತದೆ. ಒಂಟೆ ಸಿ4ಕ್ಕೆ ಬಂದಾಗ ಸೈನಿಕ ಜಿ6ಕ್ಕೆ. ರಾಣಿ ಎಫ್3ಕ್ಕೆ ಸರಿದು ಮತ್ತೆ ಹೆದರಿಸಿದರೆ ಇನ್ನೊಂದು ಕುದುರೆ ಎಫ್6ಕ್ಕೆ. ಜೋಡಿ ಜೋಡಿಯಾಗಿ ಇಷ್ಟನ್ನು ಆಡಿಸು. ಮಾರನೇ ವಾರ ಆ ಹುಡುಗನೇ ಬೇರೆ ದಾರಿ ಹುಡುಕುತ್ತಾನೆ.

ಮುಟ್ಟಿದ ಕಾಯಿ ನಡೆಸಲೇಬೇಕು. ಇದು ಮೊದಲ ದಿನದಿಂದಲೇ ಇರಲಿ, ತಡವಾಗಿ ತಂದರೆ ಜಗಳ. ಕಾಯಿ ನೆಟ್ಟಗೆ ಮಾಡಬೇಕಿದ್ದರೆ ‘ಸರಿ ಮಾಡ್ತೀನಿ’ ಅಂತ ಹೇಳಿಯೇ ಮುಟ್ಟಲಿ. ಚೆಸ್ ಗಡಿಯಾರ ಎರಡು ತಿಂಗಳಾದ ಮೇಲೆ ಸಾಕು. ಮೊದಲೇ ಇಟ್ಟರೆ ಯೋಚನೆ ಬಿಟ್ಟು ಬಟನ್ ಒತ್ತುವುದನ್ನೇ ಕಲಿಯುತ್ತಾರೆ. ಗೆದ್ದವರಿಗೆ ಗೆದ್ದವರನ್ನೇ, ಸೋತವರಿಗೆ ಸೋತವರನ್ನೇ ಜೋಡಿ ಹಾಕು. ವಾರವಾರ ಬಹುಮಾನ ಬೇಡ, ಅದು ಅದೇ ಇಬ್ಬರ ಪಾಲಾಗುತ್ತದೆ.

ಅಪ್ಪ ಅಮ್ಮಂದಿರನ್ನು ಆಡುವ ಕೋಣೆಯೊಳಗೆ ಬಿಡಬೇಡ, ಬೆನ್ನ ಹಿಂದೆ ನಿಂತು ಪಿಸುಗುಟ್ಟುತ್ತಾರೆ. 2024ರ ಡಿಸೆಂಬರಿನಲ್ಲಿ ಗುಕೇಶ್ 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದಮೇಲೆ ‘ನಮ್ಮ ಮಗನಿಗೆ ರೇಟಿಂಗ್ ಯಾವಾಗ ಬರುತ್ತೆ’ ಅನ್ನುವುದೇ ಮೊದಲ ಪ್ರಶ್ನೆ. ದಿನಾಂಕ ಕೊಟ್ಟುಬಿಡಬೇಡ. 2024ರ ಮಾರ್ಚಿನಿಂದ ಫಿಡೆ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) ರೇಟಿಂಗಿನ, ಅಂದರೆ ಆಟದ ಬಲ ತೋರಿಸುವ ಅಂಕದ, ಕನಿಷ್ಠ ಮಟ್ಟ 1400. ಅದಕ್ಕಿಂತ ಕೆಳಗಿನ ಆಟಕ್ಕೆ ಪಟ್ಟಿಯಲ್ಲಿ ಹೆಸರೇ ಬರುವುದಿಲ್ಲ. ಇದನ್ನು ಫೀಸು ತಗೊಳ್ಳುವ ಮುಂಚೆಯೇ ಹೇಳು.

ಏಪ್ರಿಲ್ ರಜೆಯಲ್ಲೇ ಶುರು ಮಾಡುವುದಾದರೆ ಬೆಳಿಗ್ಗೆ ಏಳೂವರೆಗೆ ಇಟ್ಕೋ. ದಾವಣಗೆರೆ ಬಿಸಿಲಿಗೆ ಹನ್ನೊಂದರ ಮೇಲೆ ಶೀಟಿನ ಮಹಡಿಯಲ್ಲಿ ದೊಡ್ಡವರೇ ಕೂರೋದು ಕಷ್ಟ. ಫೆಬ್ರವರಿ, ಮಾರ್ಚಿನಲ್ಲಿ ಪರೀಕ್ಷೆ ಅಂತ ಅರ್ಧ ಮಕ್ಕಳು ನಿಲ್ಲುತ್ತಾರೆ. ಆ ಎರಡು ತಿಂಗಳಿಗೆ ಭಾನುವಾರ ಒಂದೇ ಕ್ಲಾಸು, ಅರ್ಧ ಫೀಸು ಅಂತ ಈಗಲೇ ಬರೆದಿಡು.

ಇತಿ,
ನಿನ್ನ ದೊಡ್ಡಪ್ಪ